ಬೊಲಿಂಜರ್ ಬ್ಯಾಂಡ್ ನಮ್ಮ ಮಾರ್ಕೆಟ್ಟಿಗೆ ಹೊಂದಬೇಕೆಂದರೆ: ಟ್ರೇಡಿಂಗ್‌ವ್ಯೂ ಪೈನ್ ಸ್ಕ್ರಿಪ್ಟ್ ವರ್ಷಗಟ್ಟಲೆ ಬಳಸಿದ ಮೇಲೆ

ಬ್ರೋಕರ್ ಆ್ಯಪ್‌ನಲ್ಲೇ ಚಾರ್ಟ್ ಸಿಗುವಾಗ ಟ್ರೇಡಿಂಗ್‌ವ್ಯೂ ಎಂಬ ಚಾರ್ಟ್ ವೆಬ್‌ಸೈಟ್ ಯಾಕೆ ಬೇಕು ಎಂದು ಡೊಂಬಿವಲಿಯ ನಮ್ಮ ಕನ್ನಡದ ಗೆಳೆಯರು ಆಗಾಗ ಕೇಳುತ್ತಾರೆ. ಸುಮ್ನೆ ಚಾರ್ಟ್ ನೋಡುವುದಕ್ಕಾದರೆ ಬೇಡ. ನಾನು ಇದನ್ನು ಬಿಡದೆ ಇಟ್ಟುಕೊಂಡಿರುವುದು ಪೈನ್ ಸ್ಕ್ರಿಪ್ಟಿಗಾಗಿ, ಅಂದರೆ ನಮ್ಮದೇ ಲೆಕ್ಕ ಬರೆದು ಚಾರ್ಟಿಗೆ ಹಾಕಲು ಅದರಲ್ಲಿರುವ ಭಾಷೆಗಾಗಿ. ಅದರಲ್ಲೂ ಮುಖ್ಯವಾಗಿ ಒಂದು ಕೆಲಸಕ್ಕೆ: ಬೆಲೆಯ ಏರಿಳಿತ ಎಷ್ಟೆಂದು ತೋರಿಸುವ ಬೊಲಿಂಜರ್ ಬ್ಯಾಂಡನ್ನು ಎನ್‌ಎಸ್‌ಇಯ (ನ್ಯಾಷನಲ್ ಸ್ಟಾಕ್ ಎಕ್ಸ್‌ಚೇಂಜ್) ದಿನದ ವಹಿವಾಟಿಗೆ ಹೊಂದಿಸಿಕೊಳ್ಳಲು.

ಜಾನ್ ಬೊಲಿಂಜರ್ 1980ರ ದಶಕದಲ್ಲಿ ಕೊಟ್ಟ ಲೆಕ್ಕ ಟ್ರೇಡ್ ಮಾಡುವವರಿಗೆಲ್ಲ ಗೊತ್ತು. 20 ಕ್ಯಾಂಡಲ್‌ಗಳ (ಒಂದೊಂದು ಅವಧಿಯ ಬೆಲೆ ತೋರಿಸುವ ಕಡ್ಡಿಗಳ) ಕ್ಲೋಸ್, ಅಂದರೆ ಮುಚ್ಚುವ ಬೆಲೆ, ಇವುಗಳ ಸರಾಸರಿ ನಡುವಿನ ಗೆರೆ. ಅದರ ಮೇಲೊಂದು, ಕೆಳಗೊಂದು ಗೆರೆ, ಎರಡು ಸ್ಟ್ಯಾಂಡರ್ಡ್ ಡೀವಿಯೇಷನ್ (ಬೆಲೆ ಸರಾಸರಿಯಿಂದ ಎಷ್ಟು ಚದುರಿದೆ ಎಂಬ ಅಳತೆ) ದೂರದಲ್ಲಿ. ದಿನದ ಚಾರ್ಟಿನಲ್ಲಿ ಇದು ಚೆನ್ನಾಗಿಯೇ ನಡೆಯುತ್ತದೆ. ತೊಂದರೆ ಇರುವುದು 15 ನಿಮಿಷದ ಚಾರ್ಟಿನಲ್ಲಿ.

ನಮ್ಮ ಮಾರ್ಕೆಟ್ 9:15ಕ್ಕೆ ತೆರೆದು 3:30ಕ್ಕೆ ಮುಚ್ಚುತ್ತದೆ. ಅಂದರೆ ದಿನಕ್ಕೆ 25 ಕ್ಯಾಂಡಲ್. ಲೆಕ್ಕಕ್ಕೆ ಬೇಕಾದ 20 ಕ್ಯಾಂಡಲ್ ಪೂರ್ತಿ ಇವತ್ತಿನದೇ ಆಗುವ ಹೊತ್ತಿಗೆ ಮಧ್ಯಾಹ್ನ 2:15. ಅಲ್ಲಿಯವರೆಗೂ ಬ್ಯಾಂಡ್‌ನಲ್ಲಿ ನಿನ್ನೆಯ ಬೆಲೆ ಬೆರೆತಿರುತ್ತದೆ. ನಿಫ್ಟಿ ಸೂಚ್ಯಂಕ 150 ಪಾಯಿಂಟ್ ಗ್ಯಾಪ್ ಅಪ್ ಆಗಿ, ಅಂದರೆ ನಿನ್ನೆ ಮುಚ್ಚಿದ್ದಕ್ಕಿಂತ ಅಷ್ಟು ಮೇಲೆ ತೆರೆದು, ಆಮೇಲೆ ಅಲ್ಲಾಡದೆ ನಿಂತಿತು ಅಂದುಕೊಳ್ಳಿ. 11:45ಕ್ಕೆ ಲೆಕ್ಕದಲ್ಲಿ 10 ಕ್ಯಾಂಡಲ್ ನಿನ್ನೆಯದು, 10 ಇವತ್ತಿನದು. ಗ್ಯಾಪ್ ಒಂದರಿಂದಲೇ ಸ್ಟ್ಯಾಂಡರ್ಡ್ ಡೀವಿಯೇಷನ್ 75 ಪಾಯಿಂಟ್. ಬ್ಯಾಂಡ್‌ನ ಅಗಲ 300 ಪಾಯಿಂಟ್! ಮಾರ್ಕೆಟ್ ಮಲಗಿರುವಾಗ ಬ್ಯಾಂಡ್ ಬಾಯಿ ತೆರೆದುಕೊಂಡಿರುತ್ತದೆ, ಅಲ್ವಾ? ಇದನ್ನು ನಂಬಿ ಸ್ಕ್ವೀಜ್ (ಬ್ಯಾಂಡ್ ಕಿರಿದಾಗುವುದು) ಹುಡುಕಿದರೆ ಬೆಳಗಿನ ಹೊತ್ತಿನಲ್ಲಿ ಏನೂ ಸಿಗುವುದಿಲ್ಲ.

ಬ್ಯಾಂಡಿನಂತೆಯೇ ಮೇಲೆ ಕೆಳಗೆ ಗೆರೆ ಇರುವ ಕೆಲ್ಟ್ನರ್ ಚಾನೆಲ್ ಹಾಕಿದರೂ ಪೂರ್ತಿ ತಪ್ಪಿಸಿಕೊಳ್ಳಲು ಆಗದು. ಅದಕ್ಕೆ ಈಗ ಎಲ್ಲರೂ ಬಳಸುವ ಎಟಿಆರ್ (ಕ್ಯಾಂಡಲ್‌ಗಳ ಸರಾಸರಿ ಏರಿಳಿತ), ವೆಲ್ಸ್ ವೈಲ್ಡರ್ 1978ರಲ್ಲಿ ಕೊಟ್ಟದ್ದು. ಅದು ಹಿಂದಿನ ಕ್ಲೋಸ್ ಅನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ಗ್ಯಾಪ್ ಅದರೊಳಗೂ ಬಂದು ಕೂರುತ್ತದೆ.

ಇಲ್ಲಿ ಸ್ಕ್ರಿಪ್ಟ್ ಕೈಹಿಡಿಯಿತು. ದಿನದ ಮೊದಲ ಕ್ಯಾಂಡಲ್‌ನಲ್ಲಿ ಇವತ್ತಿನ ಓಪನ್‌ನಿಂದ ನಿನ್ನೆಯ ಕೊನೆಯ ಕ್ಲೋಸ್ ಕಳೆಯಬೇಕು. ಹೀಗೆ ಸಿಗುವ ಗ್ಯಾಪ್‌ಗಳನ್ನು ಕೂಡಿಸುತ್ತಾ ಹೋಗಬೇಕು. ಪ್ರತಿ ಕ್ಲೋಸ್‌ನಿಂದ ಅಲ್ಲಿಯವರೆಗಿನ ಮೊತ್ತ ಕಳೆದರೆ ಗ್ಯಾಪ್ ಇಲ್ಲದ ಬೆಲೆಯ ಸಾಲು ಸಿಗುತ್ತದೆ. ಸರಾಸರಿ, ಡೀವಿಯೇಷನ್ ಎರಡನ್ನೂ ಅದರ ಮೇಲೆ ಲೆಕ್ಕ ಹಾಕಿ, ಗೆರೆ ಎಳೆಯುವ ಮುಂಚೆ ಮೊತ್ತವನ್ನು ವಾಪಸ್ ಸೇರಿಸಬೇಕು. ಅಷ್ಟೇ. ಹತ್ತಾರು ಸಾಲಿನಲ್ಲಿ ಮುಗಿಯುತ್ತದೆ. ಪೈನ್ ಒಂದೊಂದೇ ಕ್ಯಾಂಡಲ್ ಹಿಡಿದು ಮುಂದೆ ಹೋಗುವುದರಿಂದ, ನಾವು ಕಾಗದದ ಮೇಲೆ ಮಾಡುವ ಕ್ರಮದಲ್ಲೇ ಬರೆಯಬಹುದು. ಪ್ರೋಗ್ರಾಮಿಂಗ್ ಓದಿರದ ನನಗೆ ಇದೇ ದೊಡ್ಡ ಅನುಕೂಲ.

ನಮ್ಮ ಬಿಲ್ಡಿಂಗಿನಲ್ಲಿ ಉಡುಪಿ ಕಡೆಯ ಹಿರಿಯರೊಬ್ಬರಿದ್ದಾರೆ. ದಲಾಲ್ ಸ್ಟ್ರೀಟಿನ ಹತ್ತಿರ ಬ್ರೋಕರ್ ಆಫೀಸಿನಲ್ಲಿ ದುಡಿದು ರಿಟೈರ್ ಆದವರು. ಮಾಮೂಲಿ ಬ್ಯಾಂಡ್ ಎಡಕ್ಕೆ, ನನ್ನದು ಬಲಕ್ಕೆ ಇಟ್ಟು ತೋರಿಸಿದೆ. ಕನ್ನಡಕ ಸರಿಮಾಡಿಕೊಂಡು ನೋಡಿ, "ಹೌದು ಮಾರಾಯ, ಎಡಗಡೆಯದ್ದು ಇನ್ನೂ ನಿನ್ನೆಯ ಲೆಕ್ಕವನ್ನೇ ಹೇಳ್ತಾ ಉಂಟಲ್ಲ" ಎಂದರು. ಆಮೇಲೆ ಅವರೇ ಒಂದು ಎಚ್ಚರಿಕೆಯನ್ನೂ ಕೊಟ್ಟರು. ರಾತ್ರಿ ಪೊಸಿಷನ್ ಇಟ್ಟುಕೊಳ್ಳುವವರಿಗೆ ಗ್ಯಾಪೇ ನಿಜವಾದ ರಿಸ್ಕ್. ಅದನ್ನು ತೆಗೆದ ಬ್ಯಾಂಡ್ ನೋಡಿ ಅವರು ನಷ್ಟಕ್ಕೆ ಮಿತಿ ಹಾಕುವ ಸ್ಟಾಪ್ ಲಾಸ್ ಇಡಬಾರದು. ನೂರಕ್ಕೆ ನೂರು ಸರಿ. ಇದು ಅವತ್ತೇ ಸೌದಾ ಮುಗಿಸುವವರ ಬ್ಯಾಂಡ್.

ದಿನದ ಚಾರ್ಟಿಗೆ ನಾನು ಮಾಡಿದ ಬದಲಾವಣೆ ಬೇರೆ. 2024ರ ಜೂನ್ 3ರಂದು ನಿಫ್ಟಿ 23,263ರ ಮೇಲೆ ಮುಚ್ಚಿತ್ತು. ಮಾರನೇ ದಿನ, ಲೋಕಸಭಾ ಫಲಿತಾಂಶದಂದು, 21,884ಕ್ಕೆ ಬಂತು. ಇಂಥ ಒಂದು ಕ್ಯಾಂಡಲ್ 20 ದಿನ ಬ್ಯಾಂಡನ್ನು ಹಿಗ್ಗಿಸಿ ಇಟ್ಟಿರುತ್ತದೆ. ಅದು ಲೆಕ್ಕದಿಂದ ಹೊರಗೆ ಬಿದ್ದ ದಿನ, ಮಾರ್ಕೆಟ್ಟಿನಲ್ಲಿ ಏನೂ ಆಗದಿದ್ದರೂ, ಬ್ಯಾಂಡ್ ಕುಗ್ಗುತ್ತದೆ. ಹೊಸ ಕ್ಯಾಂಡಲ್‌ಗೆ ಜಾಸ್ತಿ ತೂಕ, ಹಳೆಯದಕ್ಕೆ ಕಡಿಮೆ ತೂಕ ಕೊಟ್ಟು ಡೀವಿಯೇಷನ್ ಲೆಕ್ಕ ಹಾಕಿದರೆ ಈ ಧಡಕ್ಕನೆ ಕುಗ್ಗುವುದು ನಿಲ್ಲುತ್ತದೆ. ಬರೀ ನಡುವಿನ ಗೆರೆಯನ್ನು ಇಎಂಎ (ಹೊಸ ಬೆಲೆಗೆ ಜಾಸ್ತಿ ತೂಕ ಕೊಡುವ ಸರಾಸರಿ) ಮಾಡಲು ಸ್ಕ್ರಿಪ್ಟ್ ಬೇಕಿಲ್ಲ, ಸೆಟ್ಟಿಂಗ್ಸ್‌ನಲ್ಲೇ ಇದೆ. ಡೀವಿಯೇಷನ್ ಬದಲಿಸಲು ಮಾತ್ರ ಬರೆಯಲೇಬೇಕು.

ಬೆಲೆ ಗೆರೆ ಮುಟ್ಟಿದಾಗ ತಿಳಿಸುವ ಅಲರ್ಟ್ ವಿಷಯದಲ್ಲಿ ಎರಡು ಮಾತು ನೆನಪಿಡಿ. ಅಲರ್ಟ್ ಇಡುವಾಗ ಸ್ಕ್ರಿಪ್ಟಿನ ಒಂದು ಪ್ರತಿ ಅವರ ಸರ್ವರ್‌ನಲ್ಲಿ ಉಳಿಯುತ್ತದೆ. ಆಮೇಲೆ ನೀವು ಸ್ಕ್ರಿಪ್ಟ್ ತಿದ್ದಿದರೂ ಹಳೇ ಅಲರ್ಟ್ ಹಳೇ ಲೆಕ್ಕದಲ್ಲೇ ಓಡುತ್ತದೆ. ತೆಗೆದು ಹೊಸದಾಗಿ ಇಡಬೇಕು. ಇನ್ನೊಂದು, ನಡೆಯುತ್ತಿರುವ ಕ್ಯಾಂಡಲ್‌ನಲ್ಲಿ ಬ್ಯಾಂಡ್ ಪ್ರತಿ ಟಿಕ್‌ಗೂ (ಬೆಲೆ ಅಲ್ಲಾಡಿದಾಗಲೆಲ್ಲ) ಬದಲಾಗುತ್ತದೆ. ಹಳೆಯ ಕ್ಯಾಂಡಲ್‌ಗಳಲ್ಲಿ ಈ ಓಲಾಟ ಕಾಣಿಸುವುದಿಲ್ಲವಾದ್ದರಿಂದ ಚಾರ್ಟ್ ಬಹಳ ಚಂದವಾಗಿ ಕಾಣುತ್ತದೆ. ಕ್ಯಾಂಡಲ್ ಮುಗಿದ ಮೇಲಷ್ಟೇ ಅಲರ್ಟ್ ಬರುವಂತೆ ಇಡಿ.

ಬೇರೆಯವರು ಹಾಕಿದ ತೆರೆದ ಸ್ಕ್ರಿಪ್ಟುಗಳನ್ನು ಓದಿಯೇ ನಾನು ಕಲಿತದ್ದು. ಕೋಡ್ ಮುಚ್ಚಿಟ್ಟು ದುಡ್ಡಿಗೆ ಮಾರುವ ಬ್ಯಾಂಡ್‌ಗಳನ್ನು ಮುಟ್ಟಬೇಡಿ. ಒಳಗಿನ ಲೆಕ್ಕ ಕಾಣದ ಗೆರೆಯ ಮೇಲೆ ದುಡ್ಡು ಹಾಕುವುದು ಸರಿಯಲ್ಲ.

ಶುರುವಿಗೆ ಉಚಿತ ಪ್ಲಾನ್ ಸಾಕು. ಒಂದು ಚಾರ್ಟಿಗೆ ಇಷ್ಟೇ ಇಂಡಿಕೇಟರ್ ಎಂಬ ಮಿತಿ ಅದರಲ್ಲಿದೆ ನಿಜ. ಆದರೆ ಒಂದು ಸ್ಕ್ರಿಪ್ಟ್ ಎಷ್ಟು ಗೆರೆ ಎಳೆದರೂ ಒಂದೇ ಇಂಡಿಕೇಟರ್ ಎಂದು ಲೆಕ್ಕ. ನನ್ನ ಬ್ಯಾಂಡ್, ಕೆಲ್ಟ್ನರ್ ಎರಡೂ ಒಂದೇ ಸ್ಕ್ರಿಪ್ಟಿನಲ್ಲಿವೆ. ಅಲರ್ಟ್ ಜಾಸ್ತಿ ಬೇಕು ಅನ್ನಿಸಿದಾಗ ದುಡ್ಡು ಕಟ್ಟಿದರಾಯಿತು.