50 ಫೋಟೋಗೆ ಅಡಿಕೆ ಆರಿಸಲು ಕಲಿಯುತ್ತದಾ? ಟೀಚಬಲ್ ಮಷೀನ್ ಬಳಸಿ ನೋಡಿದೆ

ನಮ್ಮ ಮನೆಯಲ್ಲಿ ಅಡಿಕೆ ಆರಿಸುವುದು ದೊಡ್ಡಮ್ಮ. ಬೆಟ್ಟೆ, ರಾಶಿ, ಗೊರಬಲು ಅಂತ ದರ್ಜೆಗೊಂದರಂತೆ ಮೂರು ಗುಡ್ಡೆ, ಒಂದಕ್ಕೊಂದು ಬೆರೆಯುವ ಮಾತೇ ಇಲ್ಲ. ಈ ಕೆಲಸ ಕಂಪ್ಯೂಟರಿಗೂ ಬರುತ್ತದಾ ನೋಡೋಣ ಅಂತ ಗೂಗಲ್‌ನ ಟೀಚಬಲ್ ಮಷೀನ್ ತೆರೆದೆ, ಫೋಟೋ ತೋರಿಸಿ ಕಂಪ್ಯೂಟರಿಗೆ ವಸ್ತು ಗುರುತಿಸಲು ಕಲಿಸುವ ವೆಬ್‌ಸೈಟ್ ಅದು. ದುಡ್ಡು ಕೊಡಬೇಕಿಲ್ಲ, ಕೋಡ್ ಬರೆಯಬೇಕಿಲ್ಲ, ಬ್ರೌಸರ್ ಇದ್ದರೆ ಸಾಕು. ಗುಡ್ಡೆಗೆ 50ರಂತೆ ಫೋಟೋ ಹಾಕಿ ಬಟನ್ ಒತ್ತಿದೆ, ಚಹಾ ಆರುವ ಮೊದಲೇ ಕಲಿತು ಮುಗಿಸಿತ್ತು.

ಗುಟ್ಟು ಇಷ್ಟೇ. ಒಳಗೆ ಮೊಬೈಲ್‌ನೆಟ್ ಅನ್ನೋ ಮಾಡೆಲ್ (ಚಿತ್ರ ಗುರುತಿಸಲು ಕಲಿತ ಪ್ರೋಗ್ರಾಂ) ಇದೆ, ಅದು ಇಮೇಜ್‌ನೆಟ್ ಅನ್ನೋ ಚಿತ್ರಸಂಗ್ರಹದ ಸುಮಾರು 12 ಲಕ್ಷ ಚಿತ್ರಗಳನ್ನು, 1000 ಬಗೆಯ ವಸ್ತುಗಳನ್ನು ಮೊದಲೇ ನೋಡಿ ಪಳಗಿದೆ. ಆ ಸಾವಿರದಲ್ಲಿ ನಾಯಿ ತಳಿಗಳೇ ನೂರಕ್ಕಿಂತ ಜಾಸ್ತಿ, ಅಡಿಕೆ ಮಾತ್ರ ಇಲ್ಲ! ಆದರೂ ಅಂಚು, ಬಣ್ಣ, ಮೈಯ ಒರಟು ನುಣುಪು ಗುರುತಿಸುವ ಕಣ್ಣು ಅದಕ್ಕೆ ಬಂದಿದೆ. ಆ ಕಣ್ಣನ್ನು ಹಾಗೇ ಇಟ್ಟುಕೊಂಡು ಕೊನೆಯ ಭಾಗಕ್ಕಷ್ಟೇ ನಮ್ಮ ಫೋಟೋಗಳಿಂದ ಪಾಠ. ಸೊನ್ನೆಯಿಂದ ಕಲಿಸಲು ಹೊರಟಿದ್ದರೆ 150 ಫೋಟೋ ಯಾವ ಮೂಲೆಗೂ ಸಾಲುತ್ತಿರಲಿಲ್ಲ.

ಮೊದಲ ಸಲ ಎಡವಿದ್ದು ನಾನೇ. ಗೊರಬಲಿನ ಫೋಟೋ ಎಲ್ಲಾ ಗೋಣಿಚೀಲದ ಮೇಲೆ ತೆಗೆದಿದ್ದೆ, ಉಳಿದವನ್ನು ಸ್ಟೀಲ್ ತಟ್ಟೆಯಲ್ಲಿ. ಪರೀಕ್ಷೆಗೆ ಅದು ಎತ್ತಿಟ್ಟುಕೊಳ್ಳುವುದು ನಾವು ಕೊಟ್ಟ ಫೋಟೋಗಳಲ್ಲೇ 15% ತಾನೇ, ಹಾಗಾಗಿ ಪೂರ್ತಿ ಅಂಕ ಬಂತು, ನಾನೂ ಹಿಗ್ಗಿದೆ. ಆಮೇಲೆ ಬರೀ ಗೋಣಿ ತೋರಿಸಿದರೂ 'ಗೊರಬಲು' ಅಂತು. "ಅದು ಅಡಿಕೆ ಎಲ್ಲಿ ನೋಡ್ತಿದೆಯೋ, ಗೋಣಿ ನೋಡ್ತಿದೆ" ಅಂದರು ದೊಡ್ಡಮ್ಮ.

ಎಲ್ಲವನ್ನೂ ಒಂದೇ ತಟ್ಟೆಯಲ್ಲಿ, ಒಂದೇ ಬೆಳಕಿನಲ್ಲಿ, ಮಗುಚಿ ಮಗುಚಿ ಮತ್ತೆ ತೆಗೆದೆ. ಖಾಲಿ ತಟ್ಟೆಗೇ ಅಂತ ನಾಲ್ಕನೇ ಗುಂಪು ಮಾಡಿದೆ, ಇಲ್ಲದಿದ್ದರೆ ಏನು ತೋರಿಸಿದರೂ ಮೂರರಲ್ಲಿ ಒಂದನ್ನು ಹೇಳಲೇಬೇಕು ಅದು. ಈಗ ಬೆಟ್ಟೆ ತಪ್ಪುವುದಿಲ್ಲ (ಇಬ್ಭಾಗವಾದ ಹೋಳು ಅಲ್ವಾ, ಮಕ್ಕಳೂ ಹೇಳುತ್ತಾರೆ ಬಿಡಿ). ರಾಶಿ, ಗೊರಬಲು ಮಾತ್ರ ಇನ್ನೂ ಅದಲು ಬದಲು. ಒಂದು, ಫೋಟೋವನ್ನು 224 ಪಿಕ್ಸೆಲ್‌ನ ಚೌಕಕ್ಕೆ ಇಳಿಸಿ ನೋಡುತ್ತದೆ, ಸಣ್ಣ ಗೆರೆ ಅಳಿಸಿಹೋಗುತ್ತದೆ. ಇನ್ನೊಂದು, ದೊಡ್ಡಮ್ಮ ಅಡಿಕೆಯನ್ನು ಅಂಗೈಯಲ್ಲಿ ಕುಲುಕಿ ತೂಕ ನೋಡುತ್ತಾರೆ, ಅದು ಯಾವ ಫೋಟೋದಲ್ಲೂ ಇಲ್ಲ.

ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಕಣ್ಣು ಮುಚ್ಚಿ ಬಳಸಿ. ಮಾಡೆಲ್ ಇಳಿಸಿಕೊಂಡು ಫೋನಿಗೂ ಹಾಕಬಹುದು, ನೀವೇ ಅಪ್‌ಲೋಡ್ ಮಾಡದ ಹೊರತು ಫೋಟೋ ನಿಮ್ಮ ಕಂಪ್ಯೂಟರಲ್ಲೇ ಇರುತ್ತದೆ. ಮಂಡಿಗೆ ಹೋಗುವ ಮೂಟೆಗೆ ಮಾತ್ರ ಈ ವರ್ಷವೂ ದೊಡ್ಡಮ್ಮನೇ.