24 ಸರಿ, 14ಕ್ಕೇ ಪರದಾಟ: ನಮ್ಮ ಶಾಟ್ ಕ್ಲಾಕ್ ಸೆಟ್ ಬಗ್ಗೆ

ತುಮಕೂರಿನಲ್ಲಿ ನಾವೊಂದಿಷ್ಟು ಜನ ಬ್ಯಾಸ್ಕೆಟ್‌ಬಾಲ್ ಆಡುವವರು ದುಡ್ಡು ಸೇರಿಸಿ ಬೆಂಗಳೂರಿನ ಒಂದು ಅಂಗಡಿಯಿಂದ ಶಾಟ್ ಕ್ಲಾಕ್ ಸೆಟ್ ತಂದು ನಾಲ್ಕು ತಿಂಗಳಾಯಿತು. ಬಾಲ್ ಸಿಕ್ಕ ಟೀಮ್ 24 ಸೆಕೆಂಡ್‌ನೊಳಗೆ, ಕೆಲವು ಸಲ 14ರೊಳಗೆ, ರಿಂಗಿಗೆ ಹೊಡೆಯಬೇಕು; ಆ ಸೆಕೆಂಡ್ ಎಣಿಸುವುದೇ ಶಾಟ್ ಕ್ಲಾಕ್. ಎರಡು ಡಿಸ್‌ಪ್ಲೇ, ಎರಡು ಸ್ಟ್ಯಾಂಡ್, ಒಂದು ರಿಮೋಟ್, ಎಲ್ಲಾ ಸೇರಿ 22 ಸಾವಿರ. ಮ್ಯಾಚ್ ದಿನ ಟೇಬಲ್‌ನಲ್ಲಿ ರಿಮೋಟ್ ಹಿಡಿದು ಕೂರುವುದು ನಾನೇ.

ಮೊದಲು ಒಳ್ಳೆಯದು ಹೇಳುತ್ತೇನೆ. ನಮ್ಮದು ಬಯಲಿನ ಸಿಮೆಂಟ್ ಕೋರ್ಟ್, ಸಂಜೆ ಬಿಸಿಲು ಡಿಸ್‌ಪ್ಲೇಗೆ ನೇರ ಬಡಿದರೂ ಅಂಕಿ ಆ ತುದಿಗೆ ಚೆನ್ನಾಗಿ ಕಾಣುತ್ತದೆ. ಕರೆಂಟ್ ಹೋದರೆ ಬ್ಯಾಟರಿಯಲ್ಲಿ ಎರಡು ಮ್ಯಾಚ್ ಆರಾಮಾಗಿ ಮುಗಿಯುತ್ತದೆ. ಕೊನೆಯ 5 ಸೆಕೆಂಡ್‌ಗೆ 4.9, 4.8 ಅಂತ ತೋರಿಸುತ್ತದೆ, ಬ್ಯಾಸ್ಕೆಟ್‌ಬಾಲ್‌ನ ಅಂತರರಾಷ್ಟ್ರೀಯ ಸಂಸ್ಥೆ ಫಿಬಾದ ನಿಯಮವೂ ಅದನ್ನೇ ಕೇಳುತ್ತದೆ. ಕ್ವಾರ್ಟರ್‌ನಲ್ಲಿ 14 ಸೆಕೆಂಡ್‌ಗಿಂತ ಕಡಿಮೆ ಉಳಿದಾಗ ಬಾಲ್ ಕೈ ಬದಲಾದರೆ ಶಾಟ್ ಕ್ಲಾಕ್ ಆಫ್ ಮಾಡಬೇಕಲ್ವಾ, ಅದಕ್ಕೂ ಒಂದು ಬಟನ್ ಇದೆ.

ಆದರೆ 14ಕ್ಕೆ ಬಟನ್ ಇರಲಿಲ್ಲ! ರೀಸೆಟ್ ಒತ್ತಿದರೆ 24, ಅದನ್ನೇ ಎರಡು ಸೆಕೆಂಡ್ ಒತ್ತಿ ಹಿಡಿದರೆ 14. ಕಾಗದದ ಮೇಲೆ ಸಣ್ಣ ವಿಷಯ. ಕೋರ್ಟ್‌ನಲ್ಲಿ ಏನಾಯಿತು ಕೇಳಿ.

ನಾಲ್ಕನೇ ಕ್ವಾರ್ಟರ್, 1 ನಿಮಿಷ 40 ಸೆಕೆಂಡ್ ಬಾಕಿ, ಎರಡೇ ಪಾಯಿಂಟ್ ಅಂತರ. ಮುಂದಿದ್ದ ಟೀಮ್ ಹೊಡೆದ ಬಾಲ್ ರಿಂಗಿಗೆ ತಗುಲಿ ಆಚೆ ಬಂತು, ಕ್ಯಾತ್ಸಂದ್ರದಿಂದ ಬರುವ ಅವರ ಉದ್ದನೆ ಹುಡುಗನೇ ರಿಬೌಂಡ್ ಹಿಡಿದ. ಅದೇ ಟೀಮಿಗೆ ಬಾಲ್ ಸಿಕ್ಕಿತು ಅಂದರೆ 14. ಗಡಿಬಿಡಿಯಲ್ಲಿ ನನ್ನ ಹೆಬ್ಬೆರಳು ಬೇಗ ಎದ್ದಿತು, 24 ಬಂತು. ನಾನು ತಿದ್ದುವಷ್ಟರಲ್ಲಿ ರೆಫ್ರಿ ಸೀಟಿ ಊದಿ, ಅಂಗೈ ಮೇಲೆತ್ತಿ ಗೇಮ್ ಕ್ಲಾಕ್ ನಿಲ್ಲಿಸಿ ಟೇಬಲ್ ಹತ್ತಿರ ಬಂದರು.

"ಎಷ್ಟಕ್ಕೆ ಹೊಡೆದಿರಿ?"

"24 ಸರ್, ತಪ್ಪಾಯಿತು."

"ಈಗ 20 ತೋರಿಸ್ತಿದೆ. ನಾಲ್ಕು ಸೆಕೆಂಡ್ ಹೋಗಿದೆ, 10 ಇಡಿ."

ಬಾಲ್ ಅದೇ ಟೀಮಿಗೆ ಕೊಟ್ಟು ಆಟ ಮುಂದುವರಿಸಿದರು. ಮೂರು ಜನ ಕೋಚ್‌ಗಳು ಕಿರುಚುತ್ತಿದ್ದಾಗಲೂ ಆ ಮನುಷ್ಯನ ಕಣ್ಣು ಬಾಲ್ ಮೇಲೆ ಒಂದು, ಅಂಕಿ ಮೇಲೆ ಒಂದು ಇತ್ತು. ಅವರು ನೋಡದೆ ಹೋಗಿದ್ದರೆ ಮುಂದಿದ್ದ ಟೀಮಿಗೆ ಸುಮ್ನೆ 10 ಸೆಕೆಂಡ್ ಜಾಸ್ತಿ ಸಿಗುತ್ತಿತ್ತು, ಎದುರಿನ ಹುಡುಗರು ಮ್ಯಾಚನ್ನೇ ಕಳೆದುಕೊಳ್ಳಬಹುದಿತ್ತು. ಅವತ್ತು ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

24 ಹಳೆಯದು, ಅಮೆರಿಕದ ಎನ್‌ಬಿಎ ಲೀಗ್‌ನಲ್ಲಿ 1954ರಿಂದ ಇದೆ. ಫಿಬಾ 2000ದಲ್ಲಿ 30 ಬಿಟ್ಟು 24ಕ್ಕೆ ಬಂತು, 14 ಆಮೇಲೆ ಸೇರಿದ್ದು. ಈಗ ಹೊಡೆದ ಟೀಮೇ ರಿಬೌಂಡ್ ಹಿಡಿದರೂ 14, ಎದುರಾಳಿಯ ಅಂಗಳದಲ್ಲಿ ಡಿಫೆಂಡರ್ ಫೌಲ್ ಮಾಡಿ ಸೈಡಿನಿಂದ ಬಾಲ್ ಸಿಕ್ಕಾಗ 13 ಅಥವಾ ಕಡಿಮೆ ಉಳಿದಿದ್ದರೂ 14. ಡಿಫೆಂಡರ್‌ಗೆ ತಗುಲಿ ಬಾಲ್ ಬರೀ ಔಟ್ ಆದರೆ ಮಾತ್ರ ಉಳಿದಷ್ಟೇ, 9 ಇದ್ದರೆ 9. ಹೀಗಿರುವಾಗ 14ಕ್ಕೆ ಬೇರೆ ಬಟನ್ ಇಲ್ಲದ ರಿಮೋಟ್ ಯಾಕೆ ಮಾರುತ್ತಾರೋ!

ಇನ್ನೊಂದು ತೊಂದರೆ ಬಜರ್. ನಮ್ಮ ಗೇಮ್ ಕ್ಲಾಕ್ ಸದ್ದೂ ಇದರ ಸದ್ದೂ ಒಂದೇ. ಮೊದಲ ಮ್ಯಾಚ್‌ನಲ್ಲಿ 24 ಮುಗಿದು ಕೂಗಿದರೆ ಅರ್ಧ ಜನ ಕ್ವಾರ್ಟರ್ ಮುಗಿಯಿತು ಅಂತ ಬೆಂಚ್ ಕಡೆ ನಡೆದೇಬಿಟ್ಟರು. ಎರಡೂ ಬೇರೆ ಬೇರೆ ಸದ್ದು ಇರಬೇಕು ಅನ್ನುವುದು ನಿಯಮ. ಮೆನುವಿನಲ್ಲಿ ಸದ್ದು ಬದಲಿಸಬಹುದು ಅಂತ ಅಂಗಡಿಯವರು ಹೇಳಿದ್ದು ನಾಲ್ಕನೇ ಸಲ ಫೋನ್ ಮಾಡಿದಾಗ.

ರಿಮೋಟ್ ಬಗ್ಗೆ ಮೊದಲು "ಎಲ್ಲಾ ಸೆಟ್ಟೂ ಹೀಗೇ ಸರ್" ಅಂದರು. ಬಿಡದೆ ಕೇಳಿದ ಮೇಲೆ 1,800 ಜಾಸ್ತಿ ತೆಗೆದುಕೊಂಡು 14ಕ್ಕೆ ಪ್ರತ್ಯೇಕ ಬಟನ್ ಇರುವ ರಿಮೋಟ್ ಕಳಿಸಿದರು. ಆ ದುಡ್ಡು ಕೇಳಬಾರದಿತ್ತು. ಹೊಸ ರಿಮೋಟ್ ಬಂದ ಮೇಲೆ ಆರು ಮ್ಯಾಚ್ ಆಗಿವೆ, ಒಂದು ಸಲವೂ ತಪ್ಪಿಲ್ಲ.

ಈಗಿನ ಸೆಟ್ಟಿಗೆ 5ಕ್ಕೆ 4 ಕೊಡುತ್ತೇನೆ, ಹಳೇ ರಿಮೋಟ್ ಜೊತೆ ಆದರೆ 2. ತರುವವರು ಅಂಗಡಿಯಲ್ಲಿ ಡಿಸ್‌ಪ್ಲೇ ಎಷ್ಟು ಹೊಳೆಯುತ್ತದೆ ಅಂತ ನೋಡುತ್ತಾ ನಿಲ್ಲಬೇಡಿ. ರಿಮೋಟ್ ಕೈಗೆ ತೆಗೆದುಕೊಳ್ಳಿ, ಅದನ್ನು ನೋಡದೆ 14 ಒತ್ತಿ.