69ರ ಝೀ/28 ಅಂತ ನಂಬಿ ಟೋಪಿ ಹಾಕಿಸ್ಕೊಂಡೆ, ಹಳೇ ಮಸಲ್ ಕಾರ್ ತಗೊಳ್ಳೋರು ಇದನ್ನ ಓದ್ಬಿಟ್ಟು ದುಡ್ಡು ಕೊಡಿ

ನೇರವಾಗಿ ವಿಷಯಕ್ಕೆ ಬರ್ತೀನಿ. 71 ಸಾವಿರ ಡಾಲರ್ ಕೊಟ್ಟು 1969ರ ಷೆವ್ರೊಲೆ ಕಮಾರೋ ಝೀ/28, ಅಂದ್ರೆ ಕಮಾರೋದಲ್ಲೇ ರೇಸಿಗೆ ಅಂತ ಮಾಡಿದ ವಿಶೇಷ ಮಾದರಿ, ತಂದಿದೀನಿ ಅಂತ ಏಳು ತಿಂಗಳು ಮೆರೆದೆ, ಆಮೇಲೆ ಗೊತ್ತಾಗಿದ್ದು ಅದು 69ರ ಕಮಾರೋನೇ ಹೌದು ಆದ್ರೆ ಝೀ/28 ಅಲ್ವೇ ಅಲ್ಲ, ಎಸಿ ಹಾಕಿಸ್ಕೊಂಡು ಯಾರೋ ಆಫೀಸಿಗೆ ಓಡಾಡ್ತಿದ್ದ ಸಾದಾ ಹಸಿರು ಗಾಡಿಗೆ ವೇಷ ಕಟ್ಟಿದ್ದು. ಅಂದ ಹಾಗೆ ಇಲ್ಲಿ ಇದನ್ನ ಝಡ್ ಅಂದ್ರೆ ನಗ್ತಾರೆ, ಝೀ ಅನ್ಬೇಕು, ನಾನೂ ಹಂಗೇ ಬರೀತೀನಿ.

ನಾನಿರೋದು ಮಿಷಿಗನ್‌ನಲ್ಲಿ, ಡೆಟ್ರಾಯ್ಟ್ ಹತ್ರ. ಆಗಸ್ಟ್ ಬಂತು ಅಂದ್ರೆ ವುಡ್‌ವರ್ಡ್ ಅವೆನ್ಯೂನಲ್ಲಿ ಡ್ರೀಮ್ ಕ್ರೂಸ್, ರಸ್ತೆ ತುಂಬಾ ಹಳೇ ಕಾರುಗಳು, ನಮ್ಮೂರ ತೇರು ನೋಡೋಕೆ ಜನ ನಿಂತಂಗೆ ಇಲ್ಲಿ ಮಡಚೋ ಕುರ್ಚಿ ತಂದು ಸಾಲಾಗಿ ಕೂತಿರ್ತಾರೆ. ಅಲ್ಲಿ ಹದಿನೈದು ವರ್ಷ ನೋಡಿ ನೋಡಿ ನಂಗೂ ಹುಚ್ಚು ಹತ್ತಿದ್ದು. ಓದಿ ಓದಿ ವರ್ಷ ವರ್ಷದ ವ್ಯತ್ಯಾಸ ಬಾಯಿಪಾಠ ಆಗೋಗಿತ್ತು. 67ರ ಕಮಾರೋ ಬಾಗಿಲ ಕಿಟಕಿ ಮುಂದೆ ಒಂದು ಚಿಕ್ಕ ತ್ರಿಕೋನದ ಗಾಜು ಇರತ್ತೆ, 68ಕ್ಕೆ ಅದು ಹೋಯ್ತು, ಆ ವರ್ಷ ಸರ್ಕಾರದ ರೂಲ್ಸ್ ಬಂದು ಪಕ್ಕದಲ್ಲಿ ಮಾರ್ಕರ್ ಲೈಟ್ ಬಂತು. 69ಕ್ಕೆ ಬಾಡಿ ಶೀಟೇ ಬೇರೆ, ಚಕ್ರದ ಮೇಲಿಂದ ಹಿಂದಕ್ಕೆ ಎಳೆದಂಗೆ ಗೆರೆ, ಹಿಂದಿನ ಚಕ್ರದ ಮುಂದೆ ಮೀನಿನ ಕಿವಿರು ಥರ ಸೀಳು. ಆರ್‌ಎಸ್ ಪ್ಯಾಕೇಜಿನ ಮುಚ್ಕೊಳ್ಳೋ ಹೆಡ್‌ಲೈಟು 67ರಲ್ಲಿ ಕರೆಂಟ್ ಮೋಟರಲ್ಲಿ ತೆರೀತಿತ್ತು, 68, 69ರಲ್ಲಿ ವ್ಯಾಕ್ಯೂಮಲ್ಲಿ. 67ರ ಝೀ/28ಗೆ ಝೀ/28 ಅನ್ನೋ ಬ್ಯಾಡ್ಜೇ ಇರ್ಲಿಲ್ಲ, 68ರ ಶುರುವಲ್ಲಿ ಫೆಂಡರ್ ಮೇಲೆ 302 ಅಂತ (ಘನ ಇಂಚಲ್ಲಿ ಅದರ ಎಂಜಿನ್ ಗಾತ್ರ) ಇತ್ತು, ಅದೇ ವರ್ಷ ಮಧ್ಯದಲ್ಲಿ ಝೀ/28 ಅಂತ ಆಯ್ತು. ಇಷ್ಟೆಲ್ಲ ಗೊತ್ತಿದ್ದೋನು ನಾನು. ಗೊತ್ತಿದ್ದಿದ್ದೇ ಮುಳುಗಿಸಿದ್ದು, ಯಾಕಂದ್ರೆ ಮೇಲೆ ಹೇಳಿದ್ದೆಲ್ಲ ಕಣ್ಣಿಗೆ ಕಾಣೋದು, ಕಣ್ಣಿಗೆ ಕಾಣೋದೆಲ್ಲ ಕ್ಯಾಟಲಾಗ್‌ನಲ್ಲಿ ಆರ್ಡರ್ ಮಾಡಿದ್ರೆ ಮನೆಗೆ ಬರತ್ತೆ. ಬ್ಯಾಡ್ಜು, ಸ್ಟ್ರೈಪು, ಕೌಲ್ ಇಂಡಕ್ಷನ್ ಬಾನೆಟ್ಟು ಬಿಡಿ, 69ರ ಕಮಾರೋದ ಇಡೀ ಬಾಡಿ ಶೆಲ್ಲೇ ಇವತ್ತು ಹೊಸದಾಗಿ ಮಾಡಿದ್ದು ಸಿಗತ್ತೆ.

ಗಾಡಿ ಸಿಕ್ಕಿದ್ದು ಓಹಾಯೋದಲ್ಲಿ. ಮಾರಿದೋನ ಹೆಸ್ರು ಬೇಡ. ಗಾಡಿ ಹುಟ್ಟಿದ್ದೂ ಅದೇ ರಾಜ್ಯದ ನಾರ್ವುಡ್ ಫ್ಯಾಕ್ಟರೀಲಿ, ಸಿನ್ಸಿನಾಟಿ ಪಕ್ಕ, 1987ರಲ್ಲಿ ಮುಚ್ಚಿದ್ರಲ್ಲ ಅದು, "ಹುಟ್ಟಿದೂರು ಬಿಟ್ಟೇ ಹೋಗಿಲ್ಲ ಈ ಗಾಡಿ" ಅಂತ ಅವನು ಅಂದಾಗ ನಂಗೆ ಕಣ್ಣೇ ತುಂಬಿ ಬಂತು ಅನ್ನಿ. ಹಗ್ಗರ್ ಆರೆಂಜ್ ಬಣ್ಣ, ಬಿಳೀ ಸ್ಟ್ರೈಪು, ನಾಕು ಗೇರು, ಸ್ಟಾರ್ಟ್ ಮಾಡಿದ್ರೆ ಎದೆ ನಡುಗತ್ತೆ. ಫೈರ್‌ವಾಲ್ (ಎಂಜಿನ್ನಿಗೂ ಕೂರೋ ಜಾಗಕ್ಕೂ ನಡುವಿನ ಗೋಡೆ) ಮೇಲಿನ ಕೌಲ್ ಟ್ಯಾಗ್ ತೋರ್ಸಿದ, ಬಣ್ಣ, ತಯಾರಾದ ವಾರ ಎಲ್ಲ ಕೋಡಲ್ಲಿ ಹೊಡೆದಿರೋ ಫ್ಯಾಕ್ಟರಿ ತಗಡು ಅದು. ಎಕ್ಸ್33 ಅಂತಿತ್ತು. ನಾರ್ವುಡ್‌ನಲ್ಲಿ ಎಕ್ಸ್33 ಅಂದ್ರೆ ಸ್ಟೈಲ್ ಟ್ರಿಮ್ (ಹೊರಗಿನ ಅಲಂಕಾರ) ಇರೋ ಝೀ/28, ಎಕ್ಸ್77 ಅಂದ್ರೆ ಟ್ರಿಮ್ ಇಲ್ದಿರೋ ಝೀ/28, ಅದೂ ನಂಗೆ ಗೊತ್ತಿತ್ತು. ಎಂಜಿನ್ ನಂಬರಿನ ಕೊನೇಲಿ ಡಿಝೀ, ಅದು 69ರ 302ದೇ ಕೋಡು. ನೋಡ್ದೆ, ಫೋಟೋ ತೆಗೆದೆ, ದುಡ್ಡು ಕಳ್ಸಿದೆ. ಗಾಡಿ ಕೆಳಗೆ ಒಂದ್ಸಲ ಬಗ್ಗೂ ನೋಡ್ಲಿಲ್ಲ, ಬಿಳೀ ಶರ್ಟ್ ಹಾಕಿದ್ದೆ.

ಇಲ್ಲಿ ಒಂದು ವಿಷಯ ಗೊತ್ತಿರ್ಬೇಕು. ಆ ಕಾಲದ ಫೋರ್ಡು, ಕ್ರೈಸ್ಲರ್ ಗಾಡಿಗಳಲ್ಲಿ ವಿನ್ (ಪ್ರತಿ ಗಾಡಿಗೂ ಇರೋ ಗುರುತಿನ ಸಂಖ್ಯೆ) ನಂಬರಿನ ಐದನೇ ಜಾಗದಲ್ಲೇ ಯಾವ ಎಂಜಿನ್ ಅಂತ ಇರತ್ತೆ, 70, 71ರ ಪ್ಲಿಮತ್ ಡಾಡ್ಜಲ್ಲಿ ಆರ್ ಅಂತಿದ್ರೆ 426 ಹೆಮಿ ಅನ್ನೋ ಎಂಜಿನ್. ಪಾಂಟಿಯಾಕ್‌ಗೆ, ಫೋರ್ಡ್‌ಗೆ ಹಳೇ ಫ್ಯಾಕ್ಟರಿ ದಾಖಲೆ ದುಡ್ಡು ಕೊಟ್ರೆ ತೆಗೆದುಕೊಡೋರು ಇದಾರೆ. ಷೆವ್ರೊಲೆಗೆ ಆ ಭಾಗ್ಯ ಇಲ್ಲ, ಕೆನಡಾದಲ್ಲಿ ಮಾರಿದ ಗಾಡಿ ಆಗಿದ್ರೆ ಅಲ್ಲಿನ ಜನರಲ್ ಮೋಟರ್ಸ್ ದಾಖಲೆ ಸಿಗತ್ತೆ, ಅಮೆರಿಕದ್ದಾದ್ರೆ ಇಲ್ಲ. 69ರ ಕಮಾರೋ ವಿನ್ 124379ಎನ್ ಅಂತ ಶುರುವಾದ್ರೆ ಅದು ಹೇಳೋದಿಷ್ಟೇ: ಷೆವ್ರೊಲೆ, ವಿ8 ಕಮಾರೋ, ಎರಡು ಬಾಗಿಲ ಕೂಪೆ, 69, ನಾರ್ವುಡ್. ಝೀ/28 ಆಗ್ಲಿ ಎಸ್ಎಸ್ (ಸೂಪರ್ ಸ್ಪೋರ್ಟ್) ಆಗ್ಲಿ ಅಲ್ಲಿಲ್ಲ. ವಿನ್‌ನಲ್ಲಿ ಎಂಜಿನ್ ಗುರುತು ಬಂದಿದ್ದು 72ಕ್ಕೆ. ಷೆವ್ರೊಲೆದೇ ಇನ್ನೊಂದು ಮಾಡೆಲ್ ಷೆವೆಲ್ ಹುಡುಕ್ತಿರೋರೂ ನೋಡ್ಕೊಳ್ಳಿ, 66ರಿಂದ 68ರವರೆಗೆ ಎಸ್ಎಸ್396ಗೆ ವಿನ್‌ನಲ್ಲೇ 138 ಅಂತ ಬೇರೆ ನಂಬರಿತ್ತು, 69ರಿಂದ ಎಸ್ಎಸ್ ಬರೀ ಆಪ್ಷನ್ ಪ್ಯಾಕೇಜ್ ಆಗೋಯ್ತು, ಅಲ್ಲಿಂದಾಚೆ ವಿನ್ ನೋಡಿ ಎಸ್ಎಸ್ ಅಂತ ಹೇಳೋಕೆ ಬರಲ್ಲ. ಹಂಗಾಗಿ ಕಳ್ಳರಿಗೆ ಷೆವ್ರೊಲೆ ಅಂದ್ರೆ ಬಾಗಿಲು ತೆರೆದ ಮನೆ. 69ರಲ್ಲಿ ಝೀ/28 ತಯಾರಾಗಿದ್ದು 20,302. ಇವತ್ತು ಅಷ್ಟಕ್ಕಿಂತ ಜಾಸ್ತಿ ಇದಾವೆ ಅಂತ ಇಲ್ಲೊಂದು ಹಳೇ ಜೋಕಿದೆ, ನಾನೂ ನಕ್ಕಿದ್ದೆ ಒಂದ್ಕಾಲದಲ್ಲಿ.

ಬಣ್ಣ ಬಯಲಾಗಿದ್ದು ಒಂದು ಭಾನುವಾರ ಬೆಳಿಗ್ಗೆ, ಕಾಫಿ ಕುಡ್ಕೊಂಡು ಕಾರ್ ತೋರ್ಸೋಕೆ ಸೇರ್ತಾರಲ್ಲ ಅಂಥ ಕಡೆ. ಎಂಬತ್ತರ ಹತ್ರ ವಯಸ್ಸಿನ ಒಬ್ಬ ತಾತ ಬಂದ್ರು, ಕೈಯಲ್ಲಿ ಟಾರ್ಚು, ಕೋಲಿನ ತುದೀಲಿ ಚಿಕ್ಕ ಕನ್ನಡಿ. ಬ್ಯಾಡ್ಜ್ ಕಡೆ ತಿರುಗೂ ನೋಡ್ಲಿಲ್ಲ, ಸೀದಾ ಹಿಂದಕ್ಕೆ ಹೋಗಿ ಮಂಡಿ ಊರಿ ಬಗ್ಗಿದ್ರು. "ಆಕ್ಸಲ್ ಹನ್ನೆರಡು ಬೋಲ್ಟಿಂದೇ ಇದೆ, ಸ್ಪ್ರಿಂಗ್ ಯಾಕಪ್ಪಾ ಒಂದೇ ಪಟ್ಟಿ?" ಅಂದ್ರು. 69ರ ಝೀ/28ಗೆ ಹಿಂದೆ ಹಲವು ಪಟ್ಟಿ ಜೋಡಿಸಿದ ಲೀಫ್ ಸ್ಪ್ರಿಂಗ್ ಇರ್ಬೇಕು, ಒಂದೇ ಪಟ್ಟೀದು ಸಾದಾ ಗಾಡೀದು. ಝೀ/28ರಲ್ಲಿರೋ ಥರ ಹನ್ನೆರಡು ಬೋಲ್ಟಿನ ಆಕ್ಸಲ್ ತಂದು ಹಾಕಿದ ಪುಣ್ಯಾತ್ಮ ಸ್ಪ್ರಿಂಗ್‌ಗೆ ದುಡ್ಡು ಉಳಿಸಿದಾನೆ.

ಆಮೇಲೆ ಬಾನೆಟ್ ಎತ್ತಿಸಿದ್ರು. ಪ್ಯಾಸೆಂಜರ್ ಕಡೆ ಫೈರ್‌ವಾಲ್ ಮೇಲೆ ಬೆರಳು ಸವರಿ, ಇಲ್ಲಿ ಶೀಟ್ ವೆಲ್ಡ್ ಮಾಡಿ ಮುಚ್ಚಿದಾರೆ, ಇದು ಫ್ಯಾಕ್ಟರಿ ಎಸಿ ಕೂತಿದ್ದ ಜಾಗ ಅಂದ್ರು. ಝೀ/28ಗೆ ಎಸಿ ಕೊಡ್ತಾನೇ ಇರ್ಲಿಲ್ಲ, ಅದು ರೇಸಿಗೆ ಅಂತ ಹುಟ್ಟಿದ ಗಾಡಿ, ಟ್ರಾನ್ಸ್-ಆ್ಯಮ್ ರೇಸಲ್ಲಿ 305 ಘನ ಇಂಚಿನ ಮಿತಿ ಇತ್ತು ಅಂತ 327 ಎಂಜಿನ್ನಿನ ಬೋರಿಗೆ (ಸಿಲಿಂಡರ್ ಅಗಲ) 283ರ ಕ್ರ್ಯಾಂಕಿನ ಸ್ಟ್ರೋಕ್ (ಪಿಸ್ಟನ್ ಓಡೋ ದೂರ) ಕೂಡಿಸಿ 302 ಮಾಡಿದ್ದು. ಎಸಿ ಇದ್ದ ಗಾಡಿ ಅಂದ್ಮೇಲೆ ಮುಗೀತು, ಬೇರೇನೂ ನೋಡೋದೇ ಬೇಡ ಅಲ್ವಾ, ಆದ್ರೂ ನಾನು ಟ್ಯಾಗ್ ಹಿಡ್ಕೊಂಡು ವಾದಕ್ಕೆ ನಿಂತೆ, ನೋಡಿ ಇಲ್ಲಿ ಎಕ್ಸ್33 ಇದೆ ಅಂತ.

ತಾತ ಟ್ಯಾಗ್ ಮೇಲೆ ಟಾರ್ಚ್ ಬಿಟ್ಟು ಒಂದು ಮಾತು ಕೇಳಿದ್ರು, "ಡೇಟ್ ಓದು." 10ಸಿ ಅಂತಿತ್ತು. ಅಂದ್ರೆ ಹತ್ತನೇ ತಿಂಗಳು ಮೂರನೇ ವಾರ, 1968ರ ಅಕ್ಟೋಬರ್. ಹೊಸ ಮಾಡೆಲ್ ಹಿಂದಿನ ವರ್ಷದ ಕೊನೇಲೇ ಶುರು ಆಗತ್ತಲ್ಲ. "ನಾರ್ವುಡ್‌ನಲ್ಲಿ ಟ್ಯಾಗ್ ಮೇಲೆ ಎಕ್ಸ್ ಕೋಡ್ ಹೊಡೆಯೋಕೆ ಶುರು ಮಾಡಿದ್ದೇ ಡಿಸೆಂಬರಲ್ಲಿ" ಅಂದ್ರು. ನಂಗೆ ಕಾಲ ಕೆಳಗಿನ ನೆಲ ಜಾರಿತು. ಟ್ಯಾಗ್ ಮಾಡ್ದೋನು ಬೇರೆ ಯಾವ್ದೋ ಗಾಡೀದು ನೋಡಿ ಎಕ್ಸ್33 ಸೇರ್ಸಿದಾನೆ, ಯಾವ ತಿಂಗಳಿಂದ ಅಂತ ವಿಚಾರಿಸಿಲ್ಲ. ಒಂದೇ ವರ್ಷದ ಮಾಡೆಲ್ ಒಳಗೇ ಇಂಥ ವ್ಯತ್ಯಾಸ ಇರತ್ತೆ ಅಂತ ನಾನೂ ವಿಚಾರಿಸಿರ್ಲಿಲ್ಲ, ಅವನಿಗೂ ನಂಗೂ ಏನು ವ್ಯತ್ಯಾಸ. ಇನ್ನೊಂದು ಹೇಳ್ಬಿಡ್ತೀನಿ, ಲಾಸ್ ಏಂಜಲೀಸ್ ಪ್ಲಾಂಟಿನ ಕಮಾರೋಗಳಿಗೆ ಎಕ್ಸ್ ಕೋಡ್ ಇರ್ಲೇ ಇಲ್ಲ, ವಿನ್‌ನಲ್ಲಿ ಎನ್ ಬದ್ಲು ಎಲ್ ಇದ್ದು ಟ್ಯಾಗಲ್ಲಿ ಎಕ್ಸ್33 ಕಂಡ್ರೆ ಅಲ್ಲಿಂದ್ಲೇ ಎದ್ದು ಬನ್ನಿ.

ಎಂಜಿನ್ನಿನ ಕಥೆ ಇನ್ನೂ ಚೆನ್ನಾಗಿದೆ. ಬಲಗಡೆ ಸಿಲಿಂಡರ್ ಹೆಡ್ ಮುಂದೆ ಬ್ಲಾಕ್ ಮೇಲೆ ಒಂದು ಚಿಕ್ಕ ಸಮತಟ್ಟಾದ ಜಾಗ ಇರತ್ತೆ, ಅದಕ್ಕೆ ಸ್ಟ್ಯಾಂಪ್ ಪ್ಯಾಡ್ ಅಂತಾರೆ. ಅಲ್ಲಿ ವಿ0918ಡಿಝೀ ಅಂತಿತ್ತು, ವಿ ಅಂದ್ರೆ ಫ್ಲಿಂಟ್ ಪ್ಲಾಂಟು, ಸೆಪ್ಟೆಂಬರ್ 18ಕ್ಕೆ ಜೋಡಿಸಿದ್ದು, ಡಿಝೀ 302. ಪಕ್ಕದಲ್ಲಿ ಗಾಡಿ ವಿನ್ನಿನ ಕೊನೇ ನಂಬರುಗಳೂ ಸರಿಯಾಗೇ ಇದ್ವು. ನಾನು ಓದಿದ್ದು ನಂಬರ್ ಮಾತ್ರ, ತಾತ ನೋಡಿದ್ದು ನಂಬರ್ ಕೆಳಗಿನ ಮೇಲ್ಮೈಯನ್ನ. ಫ್ಯಾಕ್ಟರೀಲಿ ಬ್ಲಾಕಿನ ಮೇಲ್ಮೈ ಕೊರೆದಾಗ ಮುಂದಿಂದ ಹಿಂದಕ್ಕೆ ಬಾಚಣಿಗೆ ಎಳೆದಂಗೆ ಸಣ್ಣ ಸಣ್ಣ ಗೆರೆ ಬೀಳ್ತವೆ, ಬ್ರೋಚ್ ಮಾರ್ಕ್ ಅಂತಾರೆ. ನಂಬರ್ ಉಜ್ಜಿ ಹಾಕಿ ಹೊಸದು ಹೊಡೆದ್ರೆ ಆ ಗೆರೆ ಹೋಗತ್ತೆ. ನಂದರಲ್ಲಿ ಗೆರೆ ಇಲ್ಲ, ದೋಸೆ ಕಾವಲಿ ಉಜ್ಜಿದಂಗೆ ಸುತ್ತಿ ಸುತ್ತಿ ಗೀಚು. ಬ್ಲಾಕನ್ನ ರಿಪೇರಿಗೆ ಮಷೀನ್ ಮಾಡ್ಸಿದ್ರೂ ಗೆರೆ ಹೋಗತ್ತೆ ಅನ್ನೋದು ನಿಜ, ಆದ್ರೆ ಹಂಗೆ ಮಾಡ್ಸಿದ್ರೆ ಹಳೇ ನಂಬರೂ ಜೊತೇಲೇ ಹೋಗಿರ್ಬೇಕು, ಗೆರೆ ಇಲ್ಲ ನಂಬರ್ ಮಾತ್ರ ಫಳಫಳ ಅಂದ್ರೆ ಯಾರೋ ಆಮೇಲೆ ಕೂತು ಹೊಡೆದಿದಾರೆ.

ಕನ್ನಡಿ ಹಿಡಿದು ಎಂಜಿನ್ ಹಿಂದೆ ಗೇರ್‌ಬಾಕ್ಸ್ ಕಡೆಯ ಬೆಲ್‌ಹೌಸಿಂಗ್ ಕೂರೋ ಅಂಚಲ್ಲಿ ಎರಕದ ತಾರೀಖು ಹುಡುಕಿದ್ರು. ಸಿ 21 9. ಎ ಜನವರಿ, ಬಿ ಫೆಬ್ರವರಿ, ಸಿ ಮಾರ್ಚ್. ಮಾರ್ಚ್ 21, ಕೊನೆಗೆ 9 ಅಂತ ಮುಗಿಯೋ ಯಾವ್ದೋ ವರ್ಷ. 69 ಅಂದ್ಕೊಂಡ್ರೂ, 68ರ ಸೆಪ್ಟೆಂಬರಲ್ಲಿ ಜೋಡಿಸಿದ ಎಂಜಿನ್ನಿನ ಬ್ಲಾಕು ಎರಕ ಆಗಿದ್ದು 69ರ ಮಾರ್ಚಲ್ಲಾ? ಹೆರಿಗೆಗೆ ಮುಂಚೆ ನಾಮಕರಣ. ಎರಕದ ನಂಬರು 3970010, 70ರ ದಶಕ ಪೂರ್ತಿ 350 ಎಂಜಿನ್‌ಗಳಲ್ಲಿ ಕಾರು ಪಿಕಪ್ ಅಂತಿಲ್ದೆ ಬಂದ ಬ್ಲಾಕು, ಹಂಗಾಗಿ ಆ 9 ಅನ್ನೋದು 79 ಇದ್ರೂ ಇರ್ಬೋದು ಅಂದ್ರು ತಾತ, ಅತ್ಯಂತ ಸಮಾಧಾನವಾಗಿ, ನಂಗೆ ಅಲ್ಲೇ ವಾಂತಿ ಬರೋದೊಂದು ಬಾಕಿ. ಆಮೇಲೆ ಹೆಡ್ ಬಿಚ್ಚಿಸಿ ಅಳೆಸ್ದೆ, 302ಕ್ಕೂ 350ಕ್ಕೂ ಬೋರು 4 ಇಂಚೇ, ಸ್ಟ್ರೋಕ್ ಮಾತ್ರ 302ಕ್ಕೆ 3 ಇಂಚು, 350ಗೆ 3.48. ನಂದು 3.48.

ಹೀಟರ್ ಬಾಕ್ಸೂ ಬಿಚ್ಚಿಸಿದ್ವಿ. ಅದರ ಹಿಂದೆ ಫೈರ್‌ವಾಲ್ ಮೇಲೆ ಫ್ಯಾಕ್ಟರೀಲಿ ಹೊಡೆದ ಗುಟ್ಟಿನ ವಿನ್ ಇರತ್ತೆ, ಡ್ಯಾಶ್ ಮೇಲಿನದಕ್ಕೆ ಅದು ತಾಳೆ ಆಗ್ಬೇಕು. ಪುಣ್ಯಕ್ಕೆ ಆಯ್ತು, ಕದ್ದ ಗಾಡಿ ಅಲ್ಲ ಅನ್ನೋದೊಂದೇ ಸಮಾಧಾನ. ಆದ್ರೆ ಅಲ್ಲಿ ಉಳ್ಕೊಂಡಿದ್ದ ಹಳೇ ಪೇಂಟು ಕಡು ಹಸಿರು, ಫ್ಯಾದಮ್ ಗ್ರೀನ್, ಟ್ಯಾಗ್ ಮೇಲೆ ಅದು 57 ಅಂತಿರ್ಬೇಕಿತ್ತು. ನನ್ನ ಟ್ಯಾಗಲ್ಲಿ ಇದ್ದಿದ್ದು 72, ಆರೆಂಜು. ಬಣ್ಣದ ಕೋಡೂ ಬದಲಾಯ್ಸಿ ಹೊಸ ಟ್ಯಾಗ್ ಹೊಡೆಸಿದಾನೆ.

ಮಾರಿದೋನಿಗೆ ಫೋನ್ ಮಾಡ್ದೆ. ನಾನು ತಗೊಂಡಾಗ್ಲೇ ಹಂಗಿತ್ತು, ನಂಗೇನೂ ಗೊತ್ತಿಲ್ಲ ಅಂದ. ಲಾಯರ್ ಹತ್ರ ಹೋದ್ರೆ ಅವರು ಮಾರಾಟದ ಪತ್ರ ಕೇಳಿದ್ರು. ಅದ್ರಲ್ಲಿ ಬರೆದಿದ್ದು 1969 ಷೆವ್ರೊಲೆ ಕಮಾರೋ, ಇದ್ದ ಸ್ಥಿತೀಲಿ ಮಾರಾಟ, ಅಷ್ಟೇ. ಝೀ/28 ಅನ್ನೋ ಪದ ಜಾಹೀರಾತಲ್ಲಿತ್ತು, ಬಾಯಲ್ಲಿತ್ತು, ಸಹಿ ಹಾಕಿದ ಕಾಗದದಲ್ಲಿ ಎಲ್ಲೂ ಇಲ್ಲ. ಇದನ್ನ ಮಾತ್ರ ದಯವಿಟ್ಟು ನೆನಪಿಟ್ಕೊಳ್ಳಿ, "ಒರಿಜಿನಲ್ ಝೀ/28, ಗಾಡಿ ಜೊತೆ ಬಂದ ಎಂಜಿನ್ನೇ" ಅಂತ ಬರೆದು ಸಹಿ ಹಾಕಯ್ಯಾ ಅಂತ ಕೇಳಿ, ಹಾಕಲ್ಲ ಅಂದ್ರೆ ಅವನಿಗೆ ಗೊತ್ತಿದೆ ಅಂತರ್ಥ. ಹಳೇ ವಾರಂಟಿ ಪುಸ್ತಕದಲ್ಲಿ ಒಂದು ಚಿಕ್ಕ ಲೋಹದ ತಗಡು ಇರತ್ತೆ, ಪ್ರೊಟೆಕ್ಟ್-ಓ-ಪ್ಲೇಟ್ ಅಂತ, ಅದು ಇದ್ರೆ ಒಳ್ಳೇದೇ, ಆದ್ರೆ ಅದನ್ನೂ ನಕಲು ಮಾಡೋರಿದಾರೆ. ದುಡ್ಡು ಕೊಡೋ ಮುಂಚೆ ನಾಕೈದು ನೂರು ಡಾಲರ್ ಖರ್ಚು ಮಾಡಿ ಆ ಮಾಡೆಲ್ ಗೊತ್ತಿರೋರ ಕೈಲಿ ನೋಡಿಸಿ, ಬರೀ ಮೆಕ್ಯಾನಿಕ್ ಸಾಲಲ್ಲ, ಅವನು ಎಂಜಿನ್ ಓಡತ್ತಾ ಅಂತ ನೋಡ್ತಾನೆ, ಅದು ಚೆನ್ನಾಗೇ ಓಡ್ತಿತ್ತು.

ಆಗ ಅಪ್ಪ ಹಾಸನದಿಂದ ಬಂದಿದ್ರು ಇಲ್ಲಿಗೆ. ಕಥೆ ಎಲ್ಲ ಕೇಳಿ, "ಅಲ್ವೋ, ಜಾತ್ರೇಲಿ ಎತ್ತು ಹಿಡಿಯೋನು ಕೊಂಬಿಗೆ ಬಳಿದಿರೋ ಬಣ್ಣ ನೋಡ್ತಾನೇನೋ? ಬಾಯಿ ಬಿಡಿಸಿ ಹಲ್ಲು ಎಣಿಸಲ್ವಾ, ಎರಡಲ್ಲಾ ನಾಕಲ್ಲಾ ಬಾಯಿಗೂಡಿದ್ದಾ ಅಂತ?" ಅಂದ್ರು. ನಾನು ಸುಮ್ನೆ ಕಾಫಿ ಕುಡಿದೆ. ನಮ್ಮನೆಯವಳು ಮಾತ್ರ ಒಳಗಿಂದ್ಲೇ, "ಕೊಂಬೂ ಅಂಟಿಸಿದ್ದಂತೆ ಮಾವ" ಅಂದ್ಲು.

ಗಾಡಿ ಇನ್ನೂ ನನ್ನ ಹತ್ರಾನೇ ಇದೆ. ಬೆಲೆ ಕಟ್ಟಿಸಿದ್ರೆ ನಲವತ್ತು ಸಾವಿರದ ಮೇಲೆ ಯಾರೂ ಏರ್ಲಿಲ್ಲ, ಹಂಗಾಗಿ ಮಾರ್ಲಿಲ್ಲ, ಝೀ/28 ಬ್ಯಾಡ್ಜ್ ಎಲ್ಲ ಕಿತ್ತು ಹಾಕಿದೀನಿ, 350 ಅಂತ ಹೇಳ್ಕೊಂಡೇ ಓಡಿಸ್ತೀನಿ. ಹೋದ ಆಗಸ್ಟಲ್ಲಿ ವುಡ್‌ವರ್ಡ್‌ನಲ್ಲಿ ಒಬ್ಬ ಬಂದು, ಗಾಡಿ ಬೇಡ, ಆ ಎಕ್ಸ್33 ಟ್ಯಾಗ್ ಕಳಚಿ ಕೊಡ್ತೀಯಾ, ಐನೂರು ಕೊಡ್ತೀನಿ ಅಂದ. ಮನೆಗೆ ಬಂದು ರಿವೆಟ್ ಕೊರೆದು ತೆಗೆದು ತಗಡು ಕತ್ರೀಲಿ ಎರಡು ತುಂಡು ಮಾಡ್ದೆ. ಒಂದು ತುಂಡಿಗೆ ನಮ್ಮನೆಯವಳು ಹಿಂದೆ ಮ್ಯಾಗ್ನೆಟ್ ಅಂಟಿಸಿದಾಳೆ, ಫ್ರಿಜ್ ಮೇಲೆ ಸಾಮಾನಿನ ಚೀಟಿ ಹಿಡ್ಕೊಂಡಿರತ್ತೆ.